ಕೇಳದೆ ಅಳಿಸಬಾರದು

ನನ್ನ ಸೋದರತ್ತೆ ವಾಚನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದಳು. ಹೊತ್ತೆಷ್ಟಾಯಿತೆಂದು ಯಾರಾದರೂ ಕೇಳಿದರೆ ಅಂಗೈ ಮೇಲೆ ಮಾಡಿ, ಏನನ್ನೋ ಬೇಡುವವಳ ಹಾಗೆ ಕೈ ಚಾಚಿ, ನೋಡಿ ಹೇಳುತ್ತಿದ್ದಳು. ಅದು ಎಡಗೈಯೋ ಬಲಗೈಯೋ ಎಂದು ಬರೆಯಲು ಕುಳಿತಾಗ ಅನುಮಾನ ಬರುತ್ತಿದೆ. ಇಂಥವು ಮುಂದೆ ಇನ್ನೂ ಇರಬಹುದು. ನಾನು ಹೇಳಹೊರಟ ದಿನದ ಬಗ್ಗೆ ನನ್ನ ಡೈರಿಯಲ್ಲಿರುವುದು ‘ಅತ್ತೆ ಜತೆ ಲಿಂಗಸುಗೂರು. ಬಿಸಿಲು. ಚಹಾ ಜಾಸ್ತಿ’ ಎಂಬುದಷ್ಟೇ. ಉಳಿದದ್ದನ್ನು ನೆನಪು ತನಗೆ ಬೇಕಾದಂತೆ ತುಂಬಿಕೊಂಡಿದ್ದರೆ ತಡೆಯುವ ದಾರಿ ನನಗೆ ಗೊತ್ತಿಲ್ಲ.

ಅತ್ತೆ ಮಸ್ಕಿಯಲ್ಲಿ ನರ್ಸ್ ಆಗಿದ್ದವಳು. ಸುತ್ತಲಿನ ಹಳ್ಳಿಗಳ ಅರ್ಧ ಜನರ ತೋಳಿಗೆ ಅವಳ ಸೂಜಿ ಗೊತ್ತು. ನಿವೃತ್ತಿಯಾದ ಮೇಲೆ ಬಾಣಂತಿಯರಿಗಾಗಿ ನಮ್ಮ ಕಡೆಯ ಮಾತಿನಲ್ಲೇ ಒಂದು ಸಣ್ಣ ಪುಸ್ತಕ ಬರೆಯುತ್ತೇನೆಂದು ಹೊರಟು, ಸಿಂಧನೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ತಂದಳು. ಅದನ್ನು ಬುದ್ಧನ ಫೋಟೋದ ಕೆಳಗಿನ ಮೇಜಿನ ಮೇಲಿಟ್ಟು ಬಟನ್ ಒತ್ತಿದರೆ, ಅದು ಎಚ್ಚರಾಗುವಷ್ಟರಲ್ಲಿ ಅನ್ನ ಬೇಯುತ್ತಿತ್ತು. ಒಳಗಿನ ಫ್ಯಾನು ಗೊರಗೊರ ಎನ್ನುತ್ತಿತ್ತು. ಅತ್ತೆ ಅದರ ಮೇಲೆ ಎರಡು ಬೆರಳಿಟ್ಟು, ವಾಚು ನೋಡಿ, “ದಮ್ಮೈತಿ ಇದಕ್ಕ” ಎಂದಳು.

ನಾನು ಆಗ ಎಂ.ಎ. ಮುಗಿಸಿ ಅವಳ ಮನೆಯಲ್ಲಿದ್ದೆ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳಿಂದ ಅಲ್ಪಸ್ವಲ್ಪ ಕಲಿತಿದ್ದೆ. ಹಳೆಯ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಹಗುರಾಗುತ್ತದೆ ಎಂದು ಹೇಳಿ, ನನ್ನ ಬಳಿಯಿದ್ದ ಒಂದೇ ಪೆನ್‌ಡ್ರೈವಿಗೆ ಲಿನಕ್ಸ್ ಇಳಿಸಿಕೊಂಡು ತಯಾರಾದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಗೆ ಪರದೆಯ ಮೇಲೆ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂಬ ಪ್ರಶ್ನೆ ಬಂತು. ನಾನು ಒತ್ತುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದಳು. ಎಲ್ಲ ಅಂದರೆ ಏನು ಎಂದು ಕೇಳಿದಳು. ಎಲ್ಲ ಅಂದರೆ ಎಲ್ಲ, ಮೊದಲು ಇಟ್ಟುಕೊಂಡಿದ್ದವರ ಫೋಟೋಗಳೂ ಸೇರಿ, ಎಂದೆ. ಆ ಲ್ಯಾಪ್‌ಟಾಪ್ ತೆರೆದ ಕೂಡಲೇ ಒಂದು ಚಿತ್ರ ಕಾಣುತ್ತಿತ್ತು: ನೀಲಿ ಬಾಗಿಲಿನ ಮುಂದೆ ಕಟ್ಟೆಯ ಮೇಲೆ ಕುಳಿತ ಮುದುಕ, ತೊಡೆಯ ಮೇಲೆ ತಲೆಗೆ ಕುಲಾಯಿ ಹಾಕಿದ ಕೂಸು.

“ಅವರನ್ನ ಕೇಳೀಯೇನು?”

“ಅವರೇ ಮಾರ್ಯಾರಲ್ಲ ಅತ್ತಿ.”

“ಡಬ್ಬಿ ಮಾರ್ಯಾರ. ಕೂಸನ್ನ ಮಾರಿಲ್ಲಲ್ಲ.”

ಇದು ಅವಳ ಕೆಲಸದ ಕ್ರಮ. ಕೇಳದೆ ಯಾರ ಮೈಗೂ ಕೈ ಹಚ್ಚುತ್ತಿರಲಿಲ್ಲ. ಮೂರು ತಿಂಗಳ ಕೂಸನ್ನೂ “ಸೂಜಿ ಹಾಕ್ಲೇನಪಾ?” ಎಂದು ಕೇಳಿ, ಅದು ಅತ್ತರೆ ಹೂಂ ಅಂದಿತೆಂದು ತಿಳಿದು ಹಾಕುತ್ತಿದ್ದಳು. ಇದನ್ನು ನಾನೇ ಕಂಡಿದ್ದೇನೋ, ಅಪ್ಪ ಹೇಳಿ ನಗಿಸಿದ್ದನ್ನು ಕಂಡಂತೆ ನೆನೆಯುತ್ತಿದ್ದೇನೋ, ಅದೂ ಖಚಿತವಿಲ್ಲ.

ಸಿಂಧನೂರಿನ ಅಂಗಡಿಯವನಿಗೆ ಫೋನ್ ಮಾಡಿದರೆ, ಯಾರು ತಂದುಕೊಟ್ಟರೋ ನೆನಪಿಲ್ಲ, ಬೇಕಾದರೆ ತಾನೇ ಎಲ್ಲ ಒರೆಸಿ ಕೊಡುತ್ತೇನೆ ಎಂದ. ಅತ್ತೆ ಅವನಿಗೆ ಬೈದು ಫೋನ್ ಇಟ್ಟಳು. ಆಮೇಲೆ ಕನ್ನಡಕ ಹಾಕಿಕೊಂಡು ಆ ಚಿತ್ರವನ್ನೇ ನೋಡುತ್ತ ಕುಳಿತಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದ ಬರಹ ಇತ್ತು. ಪೋಲಿಯೋ ಹನಿ ಹಾಕಲು ಮನೆಮನೆಗೆ ಹೋಗುವವರು ಬರೆಯುವ ಗುರುತು ಅದು. ಮನೆಯ ನಂಬರು, ಮುಂದಿನ ಮನೆ ಯಾವ ಕಡೆ ಎಂದು ತೋರಿಸುವ ಒಂದು ಬಾಣ.

“ಈ ಬಾಣ ನನಗ ಗೊತ್ತೈತಿ,” ಎಂದಳು. “ಮೀನಿನ ಬಾಲ ಇದ್ಹಂಗ ಐತಿ ನೋಡು. ಲಿಂಗಸುಗೂರಾಕಿದು. ಈ ಬಾಣ ನಂಬಿ ಒಮ್ಮೆ ಜೋಳದ ಹೊಲ ಹೊಕ್ಕೀನಿ ನಾನು.”

ಲಿಂಗಸುಗೂರಾಕಿ ಎಂದರೆ ಅವಳ ಹಳೆಯ ಜೊತೆಗಾತಿ. ಫೋನಿನಲ್ಲಿ ಮೊದಲು ಹೊಲದ ಜಗಳ ಮತ್ತೊಮ್ಮೆ ನಡೆಯಿತು. ಆಮೇಲೆ ಆಕೆ ಗೋಡೆಯ ಮೇಲಿನ ನಂಬರು ಕೇಳಿಕೊಂಡು ಓಣಿಯನ್ನೂ ಮನೆಯನ್ನೂ ಹೇಳಿದಳು.

ಮರುದಿನ ಬಸ್ಸಿನಲ್ಲಿ ಅತ್ತೆ ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಒಬ್ಬಳು ಎದ್ದು ಸೀಟು ಬಿಟ್ಟುಕೊಟ್ಟು, ಸಣ್ಣ ಕೂಸಿಗೆ ಅಷ್ಟು ಬಿಗಿಯಾಗಿ ಸುತ್ತಬಾರದೆಂದು ಬುದ್ಧಿ ಹೇಳಿದಳು. ಅತ್ತೆ ಸುತ್ತಿದ ಸೀರೆ ಸಡಿಲು ಮಾಡಿದಳೇ ಹೊರತು ನಿಜ ಹೇಳಲಿಲ್ಲ.

ಜೊತೆಗಾತಿ ಹೇಳಿದ ಮನೆ ಸಿಕ್ಕಿತು. ಒಳಗಿನಿಂದ ಬಂದ ಹೆಣ್ಣುಮಗಳು ಅತ್ತೆಯ ಒಳಮಗ್ಗುಲ ವಾಚನ್ನು ನೋಡಿದ್ದೇ ತಡ, ನರ್ಸೆಂದು ತಿಳಿದು ಒಳಗೆ ಹೋಗಿ ಮಗನನ್ನು ಎಳೆದುತಂದು ಅವನ ತೋಳಿನ ಅಂಗಿ ಮೇಲೆ ಮಾಡಿದಳು. ಹುಡುಗ ಊರು ಕೇಳುವಂತೆ ಅತ್ತ. ಸೂಜಿಯಲ್ಲ, ಫೋಟೋ ಅಳಿಸಲು ಒಪ್ಪಿಗೆ ಬೇಕು ಎಂದು ತಿಳಿಸಿ ಹೇಳುವಷ್ಟರಲ್ಲಿ ಚಹಾ ಬಂತು.

“ಅಳಿಸ್ರಿ ಸಿಸ್ಟರಮ್ಮಾರ,” ಎಂದಳು ಆಕೆ. “ನೀವು ಬಂದು ಕೇಳೂದೇನೈತಿ ಅದರಾಗ.”

ಒಪ್ಪಿಗೆ ಸಿಕ್ಕಿತು, ಏಳು ಎಂದು ನಾನು ಅತ್ತೆಯ ಕೈ ಜಗ್ಗಿದೆ. ನೋಡದೆ ಹೂಂ ಅಂದರೆ ಅದು ಒಪ್ಪಿಗೆಯಲ್ಲ ಎಂದು ಅವಳು ಸೀರೆ ಬಿಚ್ಚಿ ಲ್ಯಾಪ್‌ಟಾಪ್ ತೆರೆದಳು. ಅದು ಎಚ್ಚರಾಗುವವರೆಗೆ ಇನ್ನೊಂದು ಚಹಾ ಆಯಿತು. ಚಿತ್ರ ಕಂಡದ್ದೇ ಆಕೆ ನಕ್ಕಳು. ಅದು ಅವರ ಮನೆಯೇ ಅಲ್ಲ. ಎದುರು ಮನೆ. ಬಾಗಿಲಿಗೆ ಈಗ ಹಸಿರು ಬಣ್ಣ ಹೊಡೆಸಿದ್ದಾರೆ, ಅಷ್ಟೇ.

ಎದುರು ಮನೆಯ ಸೊಸೆ, ಅದರಲ್ಲಿ ಏನೂ ಇಲ್ಲ, ಗಂಡ ಮೊಬೈಲ್ ಕೊಳ್ಳುವಾಗ ಕೊಟ್ಟುಬಿಟ್ಟಿದ್ದು, ಒರೆಸಿಕೊಳ್ಳಿ ಎಂದಳು. ಅತ್ತೆ ಕೇಳಲಿಲ್ಲ. ಕಟ್ಟೆಯ ಮೇಲೆ ಕುಳಿತು ಒಂದೊಂದೇ ಫೋಟೋ ತೋರಿಸತೊಡಗಿದಳು. ಹೆಚ್ಚಿನವು ಗಂಡನ ಹೊಸ ಮೋಟರ್‌ಸೈಕಲ್ಲಿನವು. ಮುಂದಿನಿಂದ, ಹಿಂದಿನಿಂದ, ಕನ್ನಡಿಯಲ್ಲಿ, ಕುಂಕುಮ ಹಚ್ಚಿದ ಚಕ್ರ ಬೇರೆ. ಸೊಸೆಗೇ ಬೇಸರ ಬಂತು. ಆ ಮನೆಯ ಹಿರಿಯಮ್ಮ ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು, ತಲೆಯೆತ್ತಿ ಸಹ ನೋಡಿರಲಿಲ್ಲ.

ಮೋಟರ್‌ಸೈಕಲ್ಲುಗಳ ನಡುವೆ ಒಂದು ವಿಡಿಯೋ ಇತ್ತು. ಅದೇ ಮುದುಕ, ಕೈಯಲ್ಲಿ ಚಹಾದ ಕಪ್ಪು-ಬಸಿ, ಮುಖ ಸಿಂಡರಿಸಿಕೊಂಡು ಒಳಗಿನವರನ್ನು ಕೇಳುತ್ತಿದ್ದ: “ಇದಕ್ಕ ಸಕ್ರಿ ಹಾಕೀಯೋ ಇಲ್ಲೋ?”

“ಹಾಕೀನಿ,” ಎಂದಳು ಹಿರಿಯಮ್ಮ ಅಕ್ಕಿಯಿಂದ ಕಣ್ಣೆತ್ತದೆ. “ತಳದಾಗೈತಿ, ಕಲಸ್ಕೋ.”

ಆಮೇಲೆ ಅವಳ ಕೈ ನಿಂತಿತು. ಮುದುಕ ತೀರಿಕೊಂಡು ವರ್ಷದ ಮೇಲಾಗಿತ್ತು ಎಂದು ಆಗ ಗೊತ್ತಾಯಿತು.

ಹಿರಿಯಮ್ಮ ಮತ್ತೊಮ್ಮೆ ಹಚ್ಚು ಎಂದಳು. ಮತ್ತೆ ಅವನು ಕೇಳಿದ, ಮತ್ತೆ ಅವಳು ಹೇಳಿದಳು. ನಾವು ಮೊದಲು ಹೋಗಿದ್ದ ಮನೆಯವಳೂ ಅಳು ನಿಲ್ಲಿಸಿದ ಮಗನ ಜೊತೆ ಬಂದು ನಿಂತಳು. ಹಾಗೆ ಎಷ್ಟೋ ಸಲ ಆದ ಮೇಲೆ ಹಿರಿಯಮ್ಮನಿಗೆ ಸಿಟ್ಟೇ ಬಂತು. “ಡಾಕ್ಟರು ಸಕ್ರಿ ಬ್ಯಾಡಂದಾರ ನಿನಗ. ಕುಡೀತಿದ್ರ ಕುಡಿ, ಬಿಟ್ರ ಬಿಡು.” ನಗಬೇಕೋ ಬೇಡವೋ ತಿಳಿಯದೆ ಎಲ್ಲರೂ ಅವಳ ಮುಖ ನೋಡಿದೆವು. ಮೊದಲು ನಕ್ಕವಳು ಅವಳೇ.

ಫೋಟೋಗಳನ್ನು ಅವರಿಗೆ ಕೊಡಲು ನನ್ನ ಬಳಿ ಇದ್ದದ್ದು ಲಿನಕ್ಸ್ ತುಂಬಿದ ಆ ಒಂದೇ ಪೆನ್‌ಡ್ರೈವ್. ಅದನ್ನು ಖಾಲಿ ಮಾಡಬೇಕು. ಅತ್ತೆ ನನ್ನ ಕಡೆ ತಿರುಗಿ, ನಿಂದೈತಿ, ಅಳಿಸ್ಲೇನು ಎಂದು ಕೇಳಿದಳು. ಹೂಂ ಅಂದೆ. ಮೋಟರ್‌ಸೈಕಲ್ಲುಗಳ ಸಮೇತ ಎಲ್ಲವನ್ನೂ ಅದಕ್ಕೆ ತುಂಬಿ ಕೊಟ್ಟೆವು. ಹಿರಿಯಮ್ಮ ಲ್ಯಾಪ್‌ಟಾಪಿನ ಮೇಲೆ ಕೈಯಾಡಿಸಿ, “ಈಗ ತೊಳಕೋ ತಂಗಿ” ಎಂದಳು. ಆ ಕೂಸಿನ ಚಿತ್ರವೊಂದನ್ನು ತಾನು ಇಟ್ಟುಕೊಳ್ಳಲೇ ಎಂದು ಅತ್ತೆ ಅದನ್ನೂ ಕೇಳಿ ಪಡೆದಳು.

ಬೇರೆ ಪೆನ್‌ಡ್ರೈವ್ ಸಿಂಧನೂರಿನಿಂದ ಬಂದ ಮೇಲೆ ಮಸ್ಕಿಯಲ್ಲಿ ಲಿನಕ್ಸ್ ಹಾಕಲು ಕುಳಿತೆವು. ಪರದೆಯ ಮೇಲಿನ ಗೆರೆ ಅರ್ಧಕ್ಕೆ ಬಂದು ನಿಂತಿತು. ನಾನು ಅದೂ ಇದೂ ಒತ್ತತೊಡಗಿದೆ. ಅತ್ತೆ ಹೆರಿಗೆ ಕೋಣೆಯ ದನಿಯಲ್ಲಿ ಹೇಳಿದಳು: “ತಾಯಿ ನೂಕಬೇಕು, ನೀ ನೂಕಬ್ಯಾಡ. ಸುಮ್ನ ಕೂಡು.” ಕೂತೆ. ಬಂತು. ಪಾಸ್‌ವರ್ಡಿಗೆ ಒಂದು ಲಸಿಕೆಯ ಹೆಸರಿಟ್ಟು, ಅದನ್ನು ಓಣಿಗೆಲ್ಲ ಹೇಳಿದಳು. ಗುಟ್ಟಾಗಿರಬೇಕು ಎಂದು ನಾನು ಬೈದದ್ದಕ್ಕೆ, ನಾ ಸತ್ತರೆ ತೆರೆಯುವವರು ಯಾರು ಎಂದಳು.

ಕೆಲವು ವರ್ಷಗಳ ಮೇಲೆ ತೆರೆದವಳು ನಾನೇ. ಅತ್ತೆ ಹೋದ ಮೇಲೆ, ಸಿಂಧನೂರಿನ ಬ್ಯಾಂಕಿನಲ್ಲಿರುವ ಅವಳ ಮಗಳು, ನಾನು ಅಕ್ಕ ಅನ್ನುವವಳು, ಲ್ಯಾಪ್‌ಟಾಪನ್ನು ಅದೇ ಸೀರೆಯಲ್ಲಿ ಸುತ್ತಿ ನನಗೆ ಕೊಟ್ಟಳು. ಬಾಣಂತಿಯರ ಪುಸ್ತಕ ಮೊದಲ ಪುಟ ದಾಟಿರಲಿಲ್ಲ. ಎರಡನೆಯ ಪುಟದ ತುಂಬ ಬರೀ ‘ಕ’ ಇದೆ. ಆ ಕೀಲಿಯ ಮೇಲೆ ಬೆರಳು ಇಟ್ಟುಕೊಂಡೇ ನಿದ್ದೆ ಹೋಗಿರಬೇಕು. ಒಂದು ವಿಡಿಯೋ ಕೂಡ ಇದೆ: ಅತ್ತೆಯ ಹಣೆ, ಮೇಲೆ ತಿರುಗುವ ಫ್ಯಾನು, ಬಹಳ ಹೊತ್ತಿನವರೆಗೆ ಅಷ್ಟೇ. ನಡುವೆ ಒಮ್ಮೆ ವಾಚಿನ ಕೈ ಹಾದುಹೋಗುತ್ತದೆ. ಆದರೆ ಆ ಕ್ಯಾಮೆರಾ ಕನ್ನಡಿಯಂತೆ ತಿರುವಿ ತೋರಿಸುತ್ತದೋ ಇಲ್ಲವೋ ನನಗೆ ತಿಳಿಯದು. ಹಾಗಾಗಿ ಯಾವ ಕೈ ಎಂಬುದು ಈಗಲೂ ಇತ್ಯರ್ಥವಾಗಿಲ್ಲ. ಕೊನೆಯಲ್ಲಿ ಅವಳು, ಕ್ಯಾಮೆರಾ ಶುರುವಾಗಿದೆಯೋ ಇಲ್ಲವೋ ತಿಳಿಯದೆ, ಪಕ್ಕದ ಕೋಣೆಯ ಕಡೆ ಕೂಗುತ್ತಾಳೆ: “ಏ ಹುಡುಗಿ, ಇದು ಹತ್ತೈತೇನು?”

“ಹತ್ತೈತಿ ಅತ್ತಿ,” ಎಂದೆ ನಾನು, ಪರದೆಗೆ.

ಲ್ಯಾಪ್‌ಟಾಪಿಗೆ ಈಗ ಮತ್ತೆ ದಮ್ಮು. ಅದರ ಲಿನಕ್ಸೂ ಹಳೆಯದಾಗಿದೆ. ಇದನ್ನೆಲ್ಲ ಅದರಲ್ಲೇ ಬರೆಯುತ್ತಿದ್ದೇನೆ, ಅಕ್ಷರ ನನಗಿಂತ ಒಂದು ಸಾಲು ಹಿಂದೆ ಬರುತ್ತಿದೆ. ಅತ್ತೆಯದನ್ನೆಲ್ಲ ಬೇರೆ ಕಡೆ ನಕಲು ಮಾಡಿ ಇಟ್ಟಿದ್ದೇನೆ, ‘ಕ’ ಸಮೇತ. ಹೊಸದು ಹಾಕುವ ಪೆನ್‌ಡ್ರೈವೂ ತಯಾರಿದೆ. ಅಕ್ಕನಿಗೆ ವಾಟ್ಸಾಪಿನಲ್ಲಿ ಆ ವಿಡಿಯೋ ಕಳಿಸಿ ಕೆಳಗೆ ಒಂದು ಪ್ರಶ್ನೆ ಬರೆದೆ. ಎರಡು ನೀಲಿ ಗೆರೆ ಬಂದವು. ನೋಡಿದ್ದಾಳೆ, ಆದರೆ ಹೂಂ ಅಂದಿಲ್ಲ. ಆಮೇಲೆ ಫೋನಿನಲ್ಲಿ ಮಗಳ ಪರೀಕ್ಷೆ, ಕಾಲುವೆಗೆ ನೀರು ಬಿಟ್ಟದ್ದು, ಎಲ್ಲ ಮಾತಾಡಿದಳು, ಇದೊಂದನ್ನು ಬಿಟ್ಟು. ನಾನೂ ಮತ್ತೆ ಕೇಳಿಲ್ಲ. ಕೇಳಿದ್ದು ಅಲ್ಲಿಯೇ ಇದೆ:

“ಅಕ್ಕಾ, ಅತ್ತಿದು ಅಳಿಸ್ಲೇನು?”