ಮೇಪಲ್ ಗಿಡಕ್ಕೊಂದು ಪಾತ್ರೆ

ಅಂಗಡಿಯಲ್ಲಿ ಕಣ್ಣಿಗೆ ಒಪ್ಪಿದ ಪಾತ್ರೆ ಮನೆಗೆ ಬಂದ ಮೇಲೂ ಒಪ್ಪಬೇಕೆಂಬ ನಿಯಮವೇನೂ ಇಲ್ಲ. ಮೈಸೂರಿನಿಂದ ವರ್ಗವಾಗಿ ಬಂದು, ಹದಿನೈದು ವರ್ಷಗಳಿಂದ ಅಹಮದಾಬಾದಿನ ವಿಮಾ ಕಚೇರಿಯಲ್ಲಿ ಪರರ ಅಪಾಯಗಳನ್ನು ಅಳೆಯುತ್ತಿರುವ ನನಗೆ, ಗೇಣಗಲದ ಒಂದು ಕುಂಡದೊಳಗಿನ ಅಪಾಯ ಕಾಣಲಿಲ್ಲವೆಂದರೆ ನೀವು ನಗಬಹುದು. ನನ್ನ ಹೆಂಡತಿ ಸುಧಾ ಈಗಾಗಲೇ ನಕ್ಕು ಮುಗಿಸಿದ್ದಾಳೆ.

ಸ್ಯಾಟಲೈಟ್ ಎಂಬ ಬಡಾವಣೆಯ ನಮ್ಮ ವಸತಿ ಸೊಸೈಟಿಯಲ್ಲಿ ಎದುರು ಮನೆಯಲ್ಲಿದ್ದ ಹಂಸಾಬೆನ್, ಪತಿ ತೀರಿಕೊಂಡ ಮೇಲೆ ಸೂರತ್ತಿನ ಮಗಳ ಮನೆಗೆ ಹೊರಟರು. ಹೊರಡುವ ಮುನ್ನ ಮೊಳದೆತ್ತರದ ಮೇಪಲ್ ಬೋನ್ಸಾಯಿಯನ್ನು ನನ್ನ ಕೈಗಿಟ್ಟು, “ಅಲ್ಲಿನ ಬಾಲ್ಕನಿಗೆ ಸಂಜೆಯ ಬಿಸಿಲು ನೇರ ಬೀಳುತ್ತೆ, ಇದು ಬದುಕಲ್ಲ. ಕುಂಡ ಬಿರುಕು ಬಿಟ್ಟಿದೆ, ಚಳಿ ಮುಗಿಯೋದರೊಳಗೆ ಬದಲಿಸಿ ಭಾಯಿ” ಎಂದರು ಹಿಂದಿಯಲ್ಲಿ. ದಾನವನ್ನು ಪಾತ್ರಾಪಾತ್ರ ನೋಡಿ ಮಾಡಬೇಕೆನ್ನುತ್ತಾರೆ. ಅವರು ಪಾತ್ರೆಯನ್ನಷ್ಟೇ ನೋಡಿದ್ದರು, ಪಾತ್ರನನ್ನು ನೋಡಿರಲಿಲ್ಲ.

ನಾನು ಒಂದು ವಾರ ವಿಡಿಯೊಗಳನ್ನು ನೋಡಿ ಪಂಡಿತನಾದೆ. ಕುಂಡದ ಉದ್ದ ಮರದ ಎತ್ತರದ ಮೂರರಲ್ಲಿ ಎರಡು ಪಾಲು, ಆಳ ಕಾಂಡದ ದಪ್ಪದಷ್ಟು, ಬಣ್ಣ ಎಲೆಗೆ ಹೊಂದುವಂಥದ್ದು. ನವರಂಗಪುರದ ಅಂಗಡಿಯೊಂದರಲ್ಲಿ ಈ ಸಕಲ ಲಕ್ಷಣಗಳಿಂದ ಕೂಡಿದ ತಿಳಿನೀಲಿಯ ಅಂಡಾಕಾರದ ಕುಂಡ ಸಿಕ್ಕಿತು. ಗಿಡವನ್ನು ಅದರಲ್ಲಿ ನೆಟ್ಟು ಹಿಂದೆ ಸರಿದು ನಿಂತಾಗ ಸುಧಾ, “ಏನ್ರೀ ಇದು, ಮರಾನ ತಟ್ಟೇಲಿ ಬಡಿಸಿದ ಹಾಗಿದೆ!” ಎಂದಳು. ಸೌಂದರ್ಯಶಾಸ್ತ್ರ ಎಲ್ಲರಿಗೂ ದಕ್ಕುವುದಿಲ್ಲವೆಂದುಕೊಂಡು ಕುಂಡದ ಅಂಚಿನ ಮಣ್ಣು ಒರೆಸಿದೆ.

ಹೋಳಿ ಕಳೆದು ಬಿಸಿಲೇರಿತು. ಆಳವಿಲ್ಲದ ಆ ಕುಂಡಕ್ಕೆ ಬೆಳಗ್ಗೆ ಹನಿಸಿದ ನೀರು, ನಾವೆಲ್ಲ ಹೊರಗಿರುವಾಗ, ಮಧ್ಯಾಹ್ನದೊಳಗೆ ಆವಿಯಾಗುತ್ತಿತ್ತು. ಎಲೆಗಳ ಅಂಚು ಸುಟ್ಟ ಹಪ್ಪಳದಂತಾಗಿ, ಒಂದೊಂದೇ ಉದುರಿದವು. ಹಂಸಾಬೆನ್ ವಿಡಿಯೊ ಕರೆ ಮಾಡಿದಾಗಲೆಲ್ಲ ನೆಟ್‌ವರ್ಕಿನ ಮೇಲೆ ತಪ್ಪು ಹೊರಿಸಿ, ಹಳೆಯ ಫೋಟೊ ಕಳುಹಿಸುತ್ತಿದ್ದೆ. ಆಮೇಲೊಂದು ದಿನ, ಮದುವೆಯೊಂದಕ್ಕೆ ಊರಿಗೆ ಬರುತ್ತಿದ್ದೇನೆ, ಗಿಡವನ್ನೂ ನೋಡಿಹೋಗುತ್ತೇನೆ ಎಂದರು.

ನಾನು ಇನ್ನೊಂದು ಮೇಪಲ್ ಹುಡುಕಿ ಹೊರಟೆ. ಮೂರನೆಯ ನರ್ಸರಿಯವನು ನನ್ನನ್ನು ಕನಿಕರದಿಂದ ನೋಡಿ, ರಸ್ತೆಯಾಚೆಯ ಕೆನಡಾ ವೀಸಾ ಏಜೆಂಟರ ಫಲಕದಲ್ಲಿದ್ದ ಕೆಂಪು ಎಲೆಯತ್ತ ಕೈ ತೋರಿಸಿದ. ನನ್ನ ಕಳ್ಳಯೋಚನೆ ತಿಳಿದ ಮಗಳು ಅನನ್ಯಾ, ತನ್ನ ಅರೆಬರೆ ಕನ್ನಡದಲ್ಲಿ, “ಅಪ್ಪಾ, ಹಂಸಾ ಮಾಸಿಗೆ ಚೀಟ್ ಮಾಡೋದು ಬೇಡ. ನೀನು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ” ಎಂದಳು. ಕ್ರಿಯಾಪದಗಳಲ್ಲಿ ಎಡವುವ ಹುಡುಗಿ ಅಂದು ಎಲ್ಲಿಯೂ ಎಡವಲಿಲ್ಲ.

ಹಂಸಾಬೆನ್ ಬಂದರು. “ತಪ್ಪು ನನ್ನದು. ಚಂದ ನೋಡಿದೆ, ಬೇರು ನೋಡಲಿಲ್ಲ. ಹಳೇ ಫೋಟೊ ಕಳಿಸಿ ಸುಳ್ಳನ್ನೂ ಹೇಳಿದೆ” ಎಂದು ತಲೆ ತಗ್ಗಿಸಿದೆ. ಅವರು ಎಲೆಯಿಲ್ಲದ ಕೊಂಬೆಯನ್ನು ಉಗುರಿನಿಂದ ತುಸುವೇ ಕೆರೆದರು. ತೊಗಟೆಯ ಕೆಳಗೆ ಎಳೆಯಷ್ಟು ಹಸಿರು.

“ಜೀವ ಇದೆ. ಡೆಹ್ರಾಡೂನಿಂದ ತಂದ ವರ್ಷ ನಮ್ಮವರೂ ಹೀಗೇ ಮಾಡಿದ್ದರು” ಎಂದರು ಹಂಸಾಬೆನ್. “ಎಲೆ ಉದುರಿದ್ದನ್ನು ನನಗೆ ಹೇಳದೆ, ತಂಪಿಗೆಂದು ರಾತ್ರಿಯೆಲ್ಲ ಬಚ್ಚಲಲ್ಲಿ ಇಡ್ತಿದ್ದರು.” ಹೇಳುತ್ತಲೇ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡರು.

ಆಮೇಲೆ ಬಾಲ್ಕನಿಯಲ್ಲೆಲ್ಲ ಕಣ್ಣಾಡಿಸಿ, ಸುಧಾ ಕೊತ್ತಂಬರಿ ಬೆಳೆಯುತ್ತಿದ್ದ ಒರಟು ಮಣ್ಣಿನ ಕುಂಡವನ್ನು ಆರಿಸಿದರು. ಆಳವಿತ್ತು, ತಳದಲ್ಲಿ ತೂತಿತ್ತು. ಲಕ್ಷಣ ಒಂದೂ ಇರಲಿಲ್ಲ. ಬೇರಿನ ಮಣ್ಣು ಕದಡದಂತೆ ನಾನೂ ಅವರೂ ಸೇರಿ ಮರವನ್ನು ಅದರೊಳಗಿಳಿಸಿ, ಸುತ್ತ ಹೊಸ ಮಣ್ಣು ತುಂಬಿ, ಉತ್ತರದ ಕಿಟಕಿಯ ನೆರಳಿಗಿಟ್ಟೆವು.

ಮುಂಗಾರು ಬಂದ ಎರಡನೆಯ ವಾರ, ಬೆಂಕಿಕಡ್ಡಿಯ ತಲೆಯಷ್ಟು ಕೆಂಪು ಚಿಗುರು ಮೂಡಿತು. ನಾಲ್ಕು ದಿನಗಳಲ್ಲಿ ಪುಟ್ಟ ಅಂಗೈಗಳಂತೆ ಬಿಚ್ಚಿಕೊಂಡಿತು. ಅನನ್ಯಾ ಕೂಡಲೇ ಸೂರತ್ತಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಎಲೆಗಳ ಹತ್ತಿರ ಹಿಡಿದಳು. ಹಂಸಾಬೆನ್ ಬಹಳ ಹೊತ್ತು ನೋಡಿದರು. ಆಮೇಲೆ ಒಳಕೋಣೆಯಲ್ಲಿದ್ದ ಮಗಳನ್ನು ಗುಜರಾತಿಯಲ್ಲಿ ಕೂಗಿದರು: “ಬೇಗ ಬಾರೇ, ನಿಮ್ಮಪ್ಪನ ಮರ ನೋಡು!”

ಕುಂಡ ಮಾತ್ರ ಆ ಚಿತ್ರದೊಳಗೆ ಬಂದಿರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.