ಹತ್ತನೆಯವನು

ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿಯ ವಾಸನೆ ಇವತ್ತು ಪಕ್ಕದ ಮನೆಯಿಂದ ಬಂತು. ಹರಿಹರದ ರೈಲ್ವೆ ವಸತಿಯಲ್ಲಿದ್ದ ನಮ್ಮ ಯಹೂದಿ ಮನೆಗಳಲ್ಲಿ ಹರಕೆಗೆ ಮಾಡುತ್ತಿದ್ದುದು ಅದನ್ನೇ.

ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ತುಂಬಿದ ಹತ್ತು ಗಂಡಸರು ಬೇಕು. ದಾವಣಗೆರೆಯವರು ಸೇರಿದರೂ ಒಂಬತ್ತೇ ಆಗುತ್ತಿತ್ತು.

“ನೀನು ಹತ್ತನೇವ್ನಾಗು ತಮ್ಮಾ. ಪ್ರಾರ್ಥನೆ, ಹುಡುಗ್ರ ಪಾಠ ಎಲ್ಲಾ ಇಲ್ಲೇ ಮಾಡಾಣ,” ಎಂದು ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಯಾಮ್ಸನ್ ಮಾಮ ವರ್ಷವಿಡೀ ಆ ಪ್ರಾರ್ಥನೆಯ ಹೀಬ್ರೂ ಸಾಲುಗಳನ್ನು ಕಲಿಸಿದರು. ತಪ್ಪಿದರೆ ತಲೆಗೆ ಮೊಟಕುತ್ತಿದ್ದರು.

ನನಗೆ ಹದಿಮೂರು ತುಂಬಿದ ವಾರವೇ ಅವರ ಮನೆಗೆ ಬೀಗ ಬಿತ್ತು.

“ಇಸ್ರೇಲಿಗೆ ಹೋದ್ರು. ನಂಗೆ ಮೊದ್ಲೇ ಗೊತ್ತಿತ್ತು,” ಎಂದರು ಅಪ್ಪ.

“ನಂಗ್ಯಾಕ ಹೇಳಲಿಲ್ಲ?”

“ಹೇಳಿದ್ರೆ ಕಲೀತಿದ್ದೇನು?”

ಆ ಶನಿವಾರ ನಾನೂ ಸೇರಿ ಒಂಬತ್ತೇ ಜನ; ಆ ಪ್ರಾರ್ಥನೆ ಇಲ್ಲದೆ ಕೂತು ಎದ್ದೆವು.

ಕಲಿತದ್ದೆಲ್ಲ ಈಗಲೂ ಬಾಯಿಪಾಠವಿದೆ. ಅದನ್ನು ಒಬ್ಬನೇ ಹೇಳುವಂತಿಲ್ಲ.