ನಮ್ಮ ಬೀದಿಯ ಕುರ್ಚಿಗಳು

ನಮ್ಮ ಮನೆಗೆ ಬಂದು ಕೂತು ಹೋದ ದೊಡ್ಡ ಮನುಷ್ಯರು ಯಾರೂ ನಮ್ಮ ಕುರ್ಚಿಯ ಮೇಲೆ ಕೂತವರಲ್ಲ. ಇದನ್ನು ನಿಮ್ಮೆದುರು ಒಪ್ಪಿಕೊಂಡರೆ ನನಗೇನೂ ನಷ್ಟವಿಲ್ಲ. ರಾಜಾಜಿನಗರಕ್ಕೆಲ್ಲ ಗೊತ್ತಿರುವ ಸಂಗತಿ ಇದು. ಗೊತ್ತಿಲ್ಲದವರು ನೀವೊಬ್ಬರೇ ಉಳಿದಿದ್ದಿರಿ.

ಬೊಂಬಾಯಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಶ್ರೀಪಾದ ಬೆಂಗಳೂರಿಗೆ ಬಂದಾಗಲೆಲ್ಲ ನಮ್ಮ ಮೇಲೆ ಕನಿಕರ ಪಡುತ್ತಾನೆ. "ಇದೂ ಒಂದು ಸಿಟೀನೇನೋ? ಬಸ್ಸಿಳಿದು ನಿನ್ನ ಮನೆಗೆ ಬರೋದ್ರೊಳಗೆ ದಾರೀಲಿ ಸಿಕ್ಕವರೆಲ್ಲ ನಾನು ಯಾರ ಮಗ ಅಂತ ಕೇಳಿದ್ರು. ನಮ್ಮ ಬೊಂಬಾಯೀಲಿ ಪಕ್ಕದ ಮನೆಯವನು ಸತ್ರೂ ಗೊತ್ತಾಗಲ್ಲ" ಎನ್ನುತ್ತಾನೆ, ಹೆಮ್ಮೆಯಿಂದ. ಇದರಲ್ಲಿ ಸತ್ತವನಿಗೆ ಏನು ಸುಖವೋ ನನಗೆ ತಿಳಿಯದು. ಆದರೆ ನೆಂಟನೊಡನೆ ವಾದ ಮಾಡಬಾರದೆಂದು, ನಮ್ಮದು ಸಣ್ಣ ಊರು ನಿಜ ಎಂದು ಒಪ್ಪಿಕೊಳ್ಳುತ್ತೇನೆ.

ಅದರಲ್ಲೂ ನಮ್ಮ ಬಡಾವಣೆ ಊರೋ ಹೊಲವೋ ಇನ್ನೂ ತೀರ್ಮಾನವಾಗಿಲ್ಲ. ಕುರುಬರಹಳ್ಳಿಯ ಎಮ್ಮೆಗಳು ಹಳೆಯ ದಾರಿಯನ್ನೇ ಹಿಡಿದು ಬಂದು, ಹೊಸ ಕಾಂಪೌಂಡುಗಳ ಮುಂದೆ ನಿಂತು, ಅವಮಾನವಾದವರ ಹಾಗೆ ನಮ್ಮನ್ನು ನೋಡುತ್ತವೆ. ಬೀದಿಯ ಕೊನೆಯ ಮನೆಯ ತಿಮ್ಮೇಗೌಡರ ಹೊಲವೇ ಈಗ ನಮ್ಮ ಸಾಲಿನ ಮನೆಗಳಾಗಿರುವುದು. "ನಿಮ್ಮ ಅಡುಗೆಮನೆ ಇರೋ ಜಾಗದಲ್ಲಿ ಅವರೆ ಚೆನ್ನಾಗಿ ಬರ್ತಿತ್ತು ಕಣಮ್ಮ" ಎಂದು ಅವರು ಆಗಾಗ ನಮ್ಮಮ್ಮನಿಗೆ ಹೇಳುವುದುಂಟು. ಅವರು ಬೇಜಾರಿನಿಂದೇನೂ ಹೇಳುವುದಿಲ್ಲ. ಆದರೂ ಅಮ್ಮ ಪ್ರತಿಸಲವೂ ತಪ್ಪು ತನ್ನದೇ ಎಂಬಂತೆ ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತಾಳೆ.

ಇಂಥ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕುರ್ಚಿ ಇರಬೇಕೆಂಬ ಹಟ ಯಾರಿಗೂ ಇರಲಿಲ್ಲ. ಎದುರುಮನೆ ನಾಗಮ್ಮನವರದು ಎರಡು ಬೆತ್ತದ ಕುರ್ಚಿ. ಅದರಲ್ಲಿ ಒಂದರ ಕೈಯನ್ನು ಬೆಕ್ಕು ಪರಚಿದ್ದರಿಂದ ಅವರು ಅಲ್ಲಿಗೆ ಹಳೆಯ ಸೀರೆಯ ನೀಲಿ ಅಂಚನ್ನು ಸುತ್ತಿ ಹೊಲಿದಿದ್ದರು. ತಿಮ್ಮೇಗೌಡರದು ಒಂದು ಆರಾಮಕುರ್ಚಿ. ಯಾರ ಮನೆಗೆ ಮುಖ್ಯವಾದವರು ಬಂದರೂ ಈ ಕುರ್ಚಿಗಳು ಮೊದಲು ಅಲ್ಲಿಗೆ ಹೋಗಿ ಕಾದಿರುತ್ತಿದ್ದವು. ದೇವರ ಪೂಜೆಯಲ್ಲೂ ಆವಾಹನೆ ಆದಮೇಲೆ ಮೊದಲ ಉಪಚಾರ ಆಸನ ತಾನೆ? ಆ ಆಸನ ಯಾರ ಮನೆಯದಾಗಿರಬೇಕು ಎಂದು ಯಾವ ಶಾಸ್ತ್ರವೂ ಹೇಳಿದ್ದನ್ನು ನಾನು ಕೇಳಿಲ್ಲ.

ಕುರ್ಚಿ ಕೇಳಲು ಹೋಗುವುದಕ್ಕೂ ಒಂದು ಕ್ರಮವಿತ್ತು. "ನೆಂಟರು ಬರ್ತಾರೆ" ಎನ್ನಬೇಕು, ಅಷ್ಟೆ. ಯಾವ ನೆಂಟರು ಎಂದು ಕೊಡುವವರು ಕೇಳಬಾರದು. ಹೆಣ್ಣು ನೋಡಲು ಬರುವ ಸುದ್ದಿ ಮೊದಲೇ ನಾಲ್ಕು ಜನರ ಬಾಯಿಗೆ ಬೀಳಬಾರದಲ್ಲ. ಹೀಗೆ ಬೀದಿಗೆಲ್ಲ ಗೊತ್ತಿರುವ ಗುಟ್ಟನ್ನು ಬೀದಿಯೆಲ್ಲ ಸೇರಿ ಕಾಪಾಡುತ್ತಿತ್ತು.

ನನ್ನ ತಂಗಿ ಸರೋಜಳನ್ನು ನೋಡಲು ಚಾಮರಾಜಪೇಟೆಯಿಂದ ಗಂಡಿನವರು ಬರುವುದೆಂದಾದಾಗ ನಾನೂ ಹಾಗೇ ಹೋಗಿ ಕೇಳಿದೆ. ಹುಡುಗ ಹೈಸ್ಕೂಲಿನಲ್ಲಿ ಮೇಷ್ಟರು, ಸಾಧು ಎಂದು ಕೇಳಿದ್ದೆವು. ಅದಕ್ಕೆ ಮೊದಲು ಬಂದವರೆಲ್ಲ ಉಪ್ಪಿಟ್ಟನ್ನು ಹೊಗಳಿ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದವರು. ನಮ್ಮ ತಂದೆ ಇಲ್ಲ. ಈ ಸಂಬಂಧವೂ ತಪ್ಪಿದರೆ ಅಮ್ಮ ಹಾಸಿಗೆ ಹಿಡಿಯುತ್ತಾಳೆಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ನಾಗಮ್ಮನವರು ಕುರ್ಚಿಗಳನ್ನು ಒರೆಸಿ ಕೊಡುತ್ತ ಒಂದು ಗಳಿಗೆ ತಡೆದರು. ಏನೋ ಹೇಳಲು ಬಾಯಿ ತೆರೆದವರು, "ತಗೊಂಡು ಹೋಗಪ್ಪ, ಒಳ್ಳೇದಾಗ್ಲಿ" ಎಂದು ಸುಮ್ಮನಾದರು.

ಅವರು ಏನು ಹೇಳಹೊರಟಿದ್ದರು ಎನ್ನುವುದು ಭಾನುವಾರ ತಿಳಿಯಿತು. ಹುಡುಗ, ಅವನ ತಾಯಿ, ಸೋದರಮಾವ ಮೂವರೂ ಬಂದರು. ಸೋದರಮಾವ ಮನೆಗೆಲ್ಲ ಕೇಳಿಸುವಂತೆ ಉಸಿರಾಡುವ, ಎಲ್ಲವನ್ನೂ ಮುಟ್ಟಿ ನೋಡುವ ಮನುಷ್ಯ. ನೀಲಿ ಅಂಚಿನ ಕುರ್ಚಿಯಲ್ಲಿ ಕೂತರು. ಕೈ ಆ ಬಟ್ಟೆಯ ಮೇಲೆ ಹೋಯಿತು, ನಿಂತಿತು.

"ಈ ಕುರ್ಚೀಲಿ ನಾನು ಹೋದ ಭಾನುವಾರ ಕೂತಿದ್ದೆನಲ್ಲ" ಎಂದರು.

ಅವರು ಹಿಂದಿನ ಬೀದಿಯ ಶಾಂತಳನ್ನು ನೋಡಿಕೊಂಡು ಹೋಗಿದ್ದರೆಂದು ಆಗ ಹೊಳೆಯಿತು. ಅಲ್ಲಿಗೂ ಹೋಗಿದ್ದದ್ದು ಇದೇ ಕುರ್ಚಿ. ಅಡುಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು, "ಈ ತರಹದ ಕುರ್ಚಿ ಈಗ ಎಲ್ಲರ ಮನೇಲೂ ಇರುತ್ತೆ ಸಾರ್" ಎಂದೆ.

"ಬೆತ್ತ ಇರುತ್ತೆ. ನೀಲಿ ಅಂಚೂ ಇರುತ್ತಾ?"

ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವನಿಗೆ ಅದು ಅಷ್ಟು ಕಷ್ಟವಾಗಬಾರದಿತ್ತು. ಅಷ್ಟರಲ್ಲಿ ಕಾಫಿ ತಂದ ಸರೋಜ, ಹಾಡು ಹೇಳಲು ಮಾತ್ರ ಬಾಯಿ ತೆರೆಯಬೇಕಾಗಿದ್ದವಳು, ಲೋಟ ಇಡುತ್ತ ಹೇಳಿದಳು: "ಅದು ಎದುರುಮನೆ ನಾಗಮ್ಮನವರದು. ನಮ್ಮನೇಲಿ ಕುರ್ಚಿ ಇಲ್ಲ. ಚಾಪೆ ಇದೆ."

ಸಂಬಂಧ ಮುರಿಯಿತು ಎಂದುಕೊಂಡೆ. ಹುಡುಗ ತಲೆ ಬಗ್ಗಿಸಿ ಕಾಫಿಯನ್ನೇ ನೋಡುತ್ತಿದ್ದ. ಅವನ ತಾಯಿ ಮಾತ್ರ ಕುರ್ಚಿಯಿಂದ ನಿಧಾನವಾಗಿ ಎದ್ದು, "ಅದನ್ನ ಮೊದಲೇ ಹೇಳಬಾರದೇನಮ್ಮ? ಕುರ್ಚೀಲಿ ಕೂತ್ರೆ ನಂಗೆ ಕಾಲು ಜೋಮು ಹಿಡಿಯುತ್ತೆ. ಚಾಪೆ ಹಾಸು" ಎಂದರು. ಆಮೇಲೆ ಚಾಪೆಯ ಮೇಲೆ ಕೂತು ಅಮ್ಮನೊಡನೆ ಹುಣಸೆಹಣ್ಣಿನ ವಿಷಯ ಮಾತಾಡಿದರು. ಹಾಡು ಹೇಳಿಸುವುದನ್ನು ಎಲ್ಲರೂ ಮರೆತರು. ಹೊರಡುವಾಗ ಸೋದರಮಾವ ಮಾತ್ರ ಮರೆಯದೆ, "ಕಾಗದ ಬರೀತೀವಿ" ಎಂದರು. ಚಾಮರಾಜಪೇಟೆಯಿಂದ ನಡೆದೇ ಬರಬಹುದಾದ ಮನೆಗೆ ಕಾಗದ ಬರೆಯುತ್ತೇವೆ ಎಂದರೆ ಏನರ್ಥ ಎಂದು ನಮಗೂ ಗೊತ್ತಿತ್ತು.

"ನಿಜ ಹೇಳೋಕೆ ಇದೇ ಹೊತ್ತು ಬೇಕಿತ್ತೇನೇ?" ಎಂದು ನಾನು ಸರೋಜಳನ್ನು ಬೈದೆ.

"ನೀನು ಹೇಳ್ತಿದ್ದ ಸುಳ್ಳು ಕೇಳೋಕಾಗ್ಲಿಲ್ಲ ಕಣೋ" ಎಂದಳು.

ಆಮೇಲಿನ ದಿನಗಳಲ್ಲಿ ಬೀದಿಯವರು ಯಾರೂ ಏನೂ ಕೇಳಲಿಲ್ಲ. ಸಣ್ಣ ಊರಿನಲ್ಲಿ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಅಂಗಡಿ ಶೆಟ್ಟರು ನನ್ನನ್ನು ಕಂಡರೆ ತಕ್ಕಡಿಯನ್ನೇ ನೋಡುತ್ತಿದ್ದರು. ಕುರ್ಚಿಗಳನ್ನು ಹಿಂದಿರುಗಿಸಲು ಹೊತ್ತುಕೊಂಡು ಹೋದರೆ ನಾಗಮ್ಮನವರು, "ಅಲ್ಲೇ ಇರ್ಲಿ ಬಿಡಪ್ಪ, ಮತ್ತೆ ಬೇಕಾಗುತ್ತೆ" ಎಂದು ವಾಪಸು ಕಳಿಸಿದರು. ಇನ್ನೂ ಎಷ್ಟೋ ಗಂಡುಗಳು ಬಂದು ಹೋಗಬೇಕೆಂದು ಬೀದಿಯೇ ತೀರ್ಮಾನಿಸಿದೆಯಲ್ಲ ಎಂದು ಅಮ್ಮ ಕಣ್ಣೀರು ಹಾಕಿದಳು. ನನಗೆ ಸಿಟ್ಟು ಬಂತು. ಬೊಂಬಾಯಿಗೇ ಹೋಗಿಬಿಡಬೇಕು, ಅಲ್ಲಾದರೆ ನಮ್ಮ ಸೋಲು ಯಾರಿಗೂ ತಿಳಿಯುವುದಿಲ್ಲ ಎಂದು ಮೊದಲ ಸಲ ಅನ್ನಿಸಿತು.

ಆ ಶನಿವಾರ ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ, ತಿಮ್ಮೇಗೌಡರು ತಮ್ಮ ಆರಾಮಕುರ್ಚಿಯನ್ನು ತಾವೇ ತಲೆಯ ಮೇಲೆ ಹೊತ್ತು ನಮ್ಮ ಬಾಗಿಲಲ್ಲಿ ನಿಂತಿದ್ದಾರೆ.

"ನಾವು ಕೇಳಲಿಲ್ಲವಲ್ಲ ಗೌಡರೆ" ಎಂದೆ.

"ಕೇಳೋವರ್ಗೂ ಕಾಯ್ತಾರಾ? ನಾಳೆ ಮಾತುಕತೆಗೆ ಬರ್ತಾವ್ರಲ್ಲ. ಸೋದರಮಾವ ದಪ್ಪಗವ್ನಂತೆ. ಆ ಬೆತ್ತ ತಡೆಯಲ್ಲ" ಎಂದರು.

ಆಮೇಲೆ ವಿಷಯ ಬಿಡಿಬಿಡಿಯಾಗಿ ಹೊರಬಂತು. ನಾಗಮ್ಮನವರ ಓರಗಿತ್ತಿಯ ಮಗಳು ಇರುವುದು ಹುಡುಗನ ತಾಯಿಯ ವಠಾರದಲ್ಲೇ. ಹುಡುಗನ ತಾಯಿ ಅಲ್ಲಿಯ ನಲ್ಲಿಯ ಹತ್ತಿರ, ಕುರ್ಚಿ ಇಲ್ಲ ಅಂತ ಹೇಳೋ ಹುಡುಗಿ ನಾಳೆ ಮನೇಲಿ ಅಕ್ಕಿ ಇಲ್ಲದಿದ್ರೂ ಬಾಯಿಬಿಟ್ಟು ಹೇಳ್ತಾಳೆ, ನಂಗೆ ಇವಳೇ ಸಾಕು ಎಂದಿದ್ದರಂತೆ. ಆ ಮಾತು ನಲ್ಲಿಯಿಂದ ಹೊರಟು ಬೀದಿಯ ಎಲ್ಲ ಮನೆಗಳನ್ನೂ ಮುಟ್ಟಿತ್ತು. ನಮ್ಮ ಮನೆಗೆ ಮಾತ್ರ, ಗಂಡಿನವರೇ ಹೇಳುವುದು ಮರ್ಯಾದೆ ಎಂದು, ಬಂದಿರಲಿಲ್ಲ.

ಮಾರನೆಯ ದಿನ ಸೋದರಮಾವ ಬಂದು, ಆರಾಮಕುರ್ಚಿಯನ್ನು ಬಿಟ್ಟು, ನೀಲಿ ಅಂಚಿನದರಲ್ಲೇ ಕೂತರು. "ಇದು ಅಭ್ಯಾಸ ಆಗಿದೆ" ಎಂದರು.

ಸರೋಜ ಈಗ ಚಾಮರಾಜಪೇಟೆಯಲ್ಲಿ ಸುಖವಾಗಿದ್ದಾಳೆ. ಅವಳ ಮದುವೆಯಾದಮೇಲೆ ನಾನೂ ಒಂದು ಜೊತೆ ಕುರ್ಚಿ ಕೊಂಡೆ. ಮೊನ್ನೆ ಬಂದ ಶ್ರೀಪಾದನಿಗೆ ಚಾಪೆ ಹಾಸಿದೆ. "ಕುರ್ಚಿ ತಗೊಂಡೆ ಅಂತ ಬರೆದಿದ್ದೆಯಲ್ಲೋ, ಎಲ್ಲಿ?" ಎಂದ. ಗೊತ್ತಿದ್ದೂ ಗೊತ್ತಿಲ್ಲ ಎಂದೆ. ಈಗಲೂ ಚಾಪೆಯ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಹಿಂದಿನ ಬೀದಿಯ ಶಾಂತಳ ತಂದೆ, ನೆಂಟರು ಬರುತ್ತಾರೆಂದು ಅವನ್ನು ತೆಗೆದುಕೊಂಡು ಹೋಗಿದ್ದಾರೆ. ಯಾವ ನೆಂಟರು ಎಂದು ನಾನು ಕೇಳಲಿಲ್ಲ. ನಿನ್ನೆ ಅವರು ಹಿಂದಿರುಗಿಸಲು ಬಂದಾಗ, "ಅಲ್ಲೇ ಇರ್ಲಿ ಬಿಡಿ, ಮತ್ತೆ ಬೇಕಾಗುತ್ತೆ" ಎಂದೆ. ಪಾಪ, ಅವರ ಮುಖ ಸಣ್ಣದಾಯಿತು. ಇನ್ನೆರಡು ದಿನ ತಡೆದರೆ, ಬೀದಿಗೆಲ್ಲ ಆಗಲೇ ಗೊತ್ತಿರುವುದು ಅವರಿಗೂ ಗೊತ್ತಾಗುತ್ತದೆ.